ಇಂಗ್ಲೆಂಡಿನ ಮಕ್ಕಳ ಸೇವೆ: ಬೇಗ ಸಿಗಬೇಕಾದ ನೆರವಿಗೆ ಯಾರು ಹೊಣೆ?

ಇಂಗ್ಲೆಂಡಿನಲ್ಲಿ ಹೆತ್ತವರ ಜೊತೆ ಇರಲಾಗದ ಒಂದು ಮಗುವನ್ನು ಮಕ್ಕಳ ಗೃಹದಲ್ಲಿರಿಸಿ ಒಂದು ವರ್ಷ ನೋಡಿಕೊಳ್ಳಲು ಅಲ್ಲಿನ ಸ್ಥಳೀಯ ಆಡಳಿತ ಸಂಸ್ಥೆಗಳಾದ ಕೌನ್ಸಿಲ್‌ಗಳಿಗೆ ಸರಾಸರಿ 3 ಲಕ್ಷ 18 ಸಾವಿರ ಪೌಂಡ್ ಖರ್ಚಾಗುತ್ತದೆ. ನಮ್ಮ ಲೆಕ್ಕದಲ್ಲಿ ಮೂರೂವರೆ ಕೋಟಿ ರೂಪಾಯಿಗೂ ಮೇಲೆ. ಅಲ್ಲಿನ ನ್ಯಾಷನಲ್ ಆಡಿಟ್ ಆಫೀಸ್, ಅಂದರೆ ನಮ್ಮ ಸಿಎಜಿಯಂಥ ಸಂಸ್ಥೆ, 2025ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಅಂಕಿ ಇದು. 2023-24ರಲ್ಲಿ ಈ ಒಂದೇ ಬಾಬಿಗೆ 310 ಕೋಟಿ ಪೌಂಡ್ ಹೋಗಿದೆ. ಐದು ವರ್ಷದೊಳಗೆ ಖರ್ಚು ಹೆಚ್ಚುಕಡಿಮೆ ಇಮ್ಮಡಿಯಾಗಿದೆ.

ಅದೇ ಕೌನ್ಸಿಲ್‌ಗಳಲ್ಲಿ ಫ್ಯಾಮಿಲಿ ಸಪೋರ್ಟ್ ವರ್ಕರ್ ಎಂಬ ಹುದ್ದೆಯೂ ಇದೆ. ಒಂದು ಮನೆಯಲ್ಲಿ ಕಷ್ಟ ಶುರುವಾದ ದಿನಗಳಲ್ಲೇ ವಾರಕ್ಕೆ ಒಂದೆರಡು ಸಲ ಹೋಗಿ, ತಾಯಿಯ ಜೊತೆ ಕೂತು ಮಾತಾಡಿ, ಬಾಕಿ ಬಿದ್ದ ಬಾಡಿಗೆಗೆ ದಾರಿ ಹುಡುಕಿ, ಮಕ್ಕಳು ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಶಾಲೆ ಸೇರುವಂತೆ ಮಾಡುವುದು ಇವರ ಕೆಲಸ. ಸುಮಾರಾಗಿ ಲೆಕ್ಕ ಹಾಕಿದರೆ ಮಕ್ಕಳ ಗೃಹದ ಒಂದು ಮಗುವಿನ ಖರ್ಚಿನಲ್ಲಿ ಇಂಥ ಏಳೆಂಟು ಮಂದಿಯನ್ನು ಸಂಬಳ, ಪಿಂಚಣಿ ಕೊಟ್ಟು ಇಡೀ ವರ್ಷ ಇಟ್ಟುಕೊಳ್ಳಬಹುದು. ಆದರೂ 2010ರ ನಂತರದ ಒಂದು ದಶಕದುದ್ದಕ್ಕೂ ಕೌನ್ಸಿಲ್‌ಗಳು ಕಡಿದದ್ದು ಈ ಹುದ್ದೆಗಳನ್ನೇ. ಉಗುರಿನಲ್ಲಿ ಚಿವುಟಿ ಮುಗಿಸಬಹುದಾದದ್ದನ್ನು ಕೊಡಲಿ ಬೇಕಾಗುವವರೆಗೆ ಬೆಳೆಯಲು ಬಿಟ್ಟರು. ಕೌನ್ಸಿಲ್ ನಡೆಸುವವರಿಗೆ ಇದು ತಿಳಿಯದ ಸಂಗತಿಯೇನಲ್ಲ. ಅಲ್ಲಿನ ಕಾನೂನಿನ ರಚನೆ ಮತ್ತು ಅನುದಾನದ ರೀತಿ ಎರಡೂ ಸೇರಿ ಅವರನ್ನು ಅದೇ ದಾರಿಗೆ ದೂಡಿದವು ಎಂಬುದು ನನ್ನ ವಾದ. 2024ರಲ್ಲಿ ಬಂದ ಲೇಬರ್ ಸರ್ಕಾರ ಈಗ ಹಣ ಹಾಕುತ್ತಿದೆ, ಆದರೆ ಕಾನೂನಿನ ಆ ರಚನೆಯನ್ನು ಹಾಗೆಯೇ ಬಿಟ್ಟಿದೆ.

ಮೊದಲು ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಮಕ್ಕಳ ರಕ್ಷಣೆ, ಆರೈಕೆಯ ಹೊಣೆ ಕೇಂದ್ರ ಸರ್ಕಾರದ ಇಲಾಖೆಯ ಕೈಯಲ್ಲಿಲ್ಲ. ಅದು 153 ಸ್ಥಳೀಯ ಕೌನ್ಸಿಲ್‌ಗಳದ್ದು. ಕೌಂಟಿಗಳು, ಲಂಡನ್ನಿನ ಬರೋಗಳು, ಬರ್ಮಿಂಗ್‌ಹ್ಯಾಮ್, ಲೀಡ್ಸ್‌ನಂಥ ನಗರಗಳು ಇದರಲ್ಲಿ ಸೇರಿವೆ. 2000ದಲ್ಲಿ ಲಂಡನ್ನಿನಲ್ಲಿ ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿ ಎಂಬ ಹುಡುಗಿ ಸಂಬಂಧಿಕಳ ಮನೆಯಲ್ಲಿ ಹಿಂಸೆ ತಾಳಲಾರದೆ ಸತ್ತಳು. ಆಸ್ಪತ್ರೆ, ಪೊಲೀಸ್, ಕೌನ್ಸಿಲ್ ಎಲ್ಲರೂ ಅವಳನ್ನು ಕಂಡಿದ್ದರು, ಯಾರೂ ಉಳಿಸಲಿಲ್ಲ. ಲಾರ್ಡ್ ಲ್ಯಾಮಿಂಗ್ 2003ರಲ್ಲಿ ಕೊಟ್ಟ ವಿಚಾರಣಾ ವರದಿಯ ಬೆನ್ನಿಗೆ ಬಂದ 2004ರ ಮಕ್ಕಳ ಕಾಯ್ದೆ, ಪ್ರತಿ ಕೌನ್ಸಿಲ್‌ನಲ್ಲೂ ಮಕ್ಕಳ ಸೇವೆಗೆ ಒಬ್ಬ ಡೈರೆಕ್ಟರ್ ಮತ್ತು ಚುನಾಯಿತ ಸದಸ್ಯರಲ್ಲಿ ಒಬ್ಬ ಹೊಣೆಗಾರ ಇರಲೇಬೇಕೆಂದು ವಿಧಿಸಿತು. ಹೊಣೆ ಯಾರದು ಎಂಬ ಪ್ರಶ್ನೆಗೆ ಹೀಗೆ ಹೆಸರು ಸಮೇತ ಉತ್ತರವಿದೆ. ಹೊಣೆ ಎಲ್ಲಿಂದ ಶುರುವಾಗುತ್ತದೆ ಎಂಬುದರಲ್ಲಿ ತೊಡಕಿದೆ.

ಕಡ್ಡಾಯ ಯಾವುದು, ಐಚ್ಛಿಕ ಯಾವುದು

ಮೂಲ ಕಾನೂನು 1989ರ ಮಕ್ಕಳ ಕಾಯ್ದೆ. ಅದರ 47ನೇ ಸೆಕ್ಷನ್ ಪ್ರಕಾರ, ಒಂದು ಮಗುವಿಗೆ ಗಂಭೀರ ಹಾನಿಯಾಗುತ್ತಿದೆ ಅಥವಾ ಆಗಬಹುದು ಎಂದು ಅನುಮಾನಿಸಲು ಕಾರಣವಿದ್ದರೆ ಕೌನ್ಸಿಲ್ ತನಿಖೆ ಮಾಡಲೇಬೇಕು. ದುಡ್ಡಿಲ್ಲ, ಸಿಬ್ಬಂದಿಯಿಲ್ಲ ಎಂಬ ನೆಪ ನಡೆಯುವುದಿಲ್ಲ. ಕೋರ್ಟು ಮಗುವನ್ನು ಕೌನ್ಸಿಲ್‌ನ ಸುಪರ್ದಿಗೆ ಕೊಟ್ಟರೆ ಅದಕ್ಕೆ ಸೂರು, ಊಟ, ಶಾಲೆ ಎಲ್ಲವನ್ನೂ ಒದಗಿಸಲೇಬೇಕು. ಇನ್ನು 17ನೇ ಸೆಕ್ಷನ್. 'ನೆರವು ಬೇಕಾದ ಮಕ್ಕಳ' ಕ್ಷೇಮವನ್ನು ಕಾಪಾಡುವುದು, ಸಾಧ್ಯವಾದಷ್ಟೂ ಅವರು ತಮ್ಮ ಮನೆಯವರ ಜೊತೆಯಲ್ಲೇ ಬೆಳೆಯುವಂತೆ ಮಾಡುವುದು ಕೌನ್ಸಿಲ್‌ನ ಸಾಮಾನ್ಯ ಕರ್ತವ್ಯ ಎನ್ನುತ್ತದೆ. ಓದಲು ಬಹಳ ಒಳ್ಳೆಯ ಸೆಕ್ಷನ್. ಆದರೆ 2003ರಲ್ಲಿ ಲಂಡನ್ನಿನ ಬಾರ್ನೆಟ್ ಕೌನ್ಸಿಲ್ ವಿರುದ್ಧದ ಮೊಕದ್ದಮೆಯೊಂದರಲ್ಲಿ ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಲಾರ್ಡ್ಸ್ ಸಭೆಯ ನ್ಯಾಯಪೀಠ ಮೂರು-ಎರಡರ ಬಹುಮತದಿಂದ ಹೇಳಿದ್ದು, ಇದು ಇಡೀ ಪ್ರದೇಶದ ಮಕ್ಕಳನ್ನು ಕುರಿತ ಸಾಮಾನ್ಯ ಗುರಿ. ಯಾವುದೋ ಒಂದು ಮಗು ಕೋರ್ಟಿಗೆ ಬಂದು 'ನನಗೆ ಇಂಥ ನೆರವು ಕೊಡಿ' ಎಂದು ಕೇಳುವ ಹಕ್ಕು ಇದರಿಂದ ಹುಟ್ಟುವುದಿಲ್ಲ.

ಅರ್ಲಿ ಹೆಲ್ಪ್ ಎಂದು ಅಲ್ಲಿ ಕರೆಯುವುದು ಈ 17ನೇ ಸೆಕ್ಷನ್‌ಗಿಂತಲೂ ಒಂದು ಮೆಟ್ಟಿಲು ಕೆಳಗಿದೆ. ಮಗು ಇನ್ನೂ 'ನೆರವು ಬೇಕಾದ ಮಗು' ಎಂಬ ಕಾನೂನಿನ ವ್ಯಾಖ್ಯೆಗೆ ಬಂದಿಲ್ಲ, ಆದರೆ ಹಾಗೇ ಬಿಟ್ಟರೆ ಬರುತ್ತದೆ ಎಂಬ ಹಂತದಲ್ಲಿ ಕೊಡುವ ಸಹಾಯ ಅದು. ಮಕ್ಕಳ ಕೇಂದ್ರಗಳು, ಪಾಲಕರಿಗೆ ತರಬೇತಿ, ಹದಿಹರೆಯದವರ ಯೂತ್ ಕ್ಲಬ್‌ಗಳು, ಮನೆಗೆ ಬರುವ ಸಪೋರ್ಟ್ ವರ್ಕರ್, ಕುಡಿತ ಬಿಡಿಸುವ ನೆರವು, ಗಂಡ ಹೆಂಡಿರ ಜಗಳದ ನಡುವೆ ಸಿಕ್ಕ ಮಕ್ಕಳಿಗೆ ಸಮಾಲೋಚನೆ, ಎಲ್ಲವೂ ಇದರಲ್ಲಿ ಬರುತ್ತವೆ. ಸರ್ಕಾರದ ಮಾರ್ಗಸೂಚಿಗಳು ಇದನ್ನು ಹೊಗಳುತ್ತವೆ, ಸ್ಥಳೀಯ ಸಂಸ್ಥೆಗಳು ಒಟ್ಟಾಗಿ ಏರ್ಪಾಡು ಮಾಡಬೇಕು ಎನ್ನುತ್ತವೆ. 1989ರ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ದುರುಪಚಾರ, ನಿರ್ಲಕ್ಷ್ಯ ತಡೆಯಲು 'ಸಮಂಜಸ ಕ್ರಮ' ಕೈಗೊಳ್ಳಬೇಕೆಂಬ ಮಾತೂ ಇದೆ. ಇಷ್ಟನ್ನು ಈ ಪ್ರಮಾಣದಲ್ಲಿ ಒದಗಿಸಲೇಬೇಕು ಎಂದು ಕೌನ್ಸಿಲ್‌ನ ಕೈ ಹಿಡಿದು ಕೇಳುವ ಸೆಕ್ಷನ್ ಮಾತ್ರ ಇಲ್ಲ.

ಇದು ಪ್ರತಿದಿನದ ಕೆಲಸದಲ್ಲಿ ಏನು ಮಾಡುತ್ತದೆ ಎಂದು ನೋಡಲು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಗಂಡ ಬಿಟ್ಟುಹೋದ ಮೇಲೆ ಖಿನ್ನತೆಗೆ ಜಾರುತ್ತಿರುವ ತಾಯಿ, ಏಳು ಮತ್ತು ಮೂರು ವರ್ಷದ ಇಬ್ಬರು ಮಕ್ಕಳು. ದೊಡ್ಡವನು ವಾರಕ್ಕೆರಡು ದಿನ ಶಾಲೆಗೆ ಬರುವುದಿಲ್ಲ, ಬಂದ ದಿನ ಹಸಿದಿರುತ್ತಾನೆ. ಟೀಚರ್ ಕೌನ್ಸಿಲ್‌ಗೆ ಬರೆಯುತ್ತಾರೆ. ಪೊಲೀಸ್, ಆರೋಗ್ಯ, ಕೌನ್ಸಿಲ್ ಮೂವರೂ ಒಟ್ಟಿಗೆ ಕೂತು ದೂರುಗಳನ್ನು ವಿಂಗಡಿಸುವ, 'ಮ್ಯಾಶ್' ಎಂದು ಕರೆಯುವ ವಿಭಾಗಕ್ಕೆ ಪತ್ರ ಹೋಗುತ್ತದೆ. ಹೊಡೆತದ ಗುರುತಿಲ್ಲ, ತಾಯಿ ಕುಡಿಯುವವಳಲ್ಲ, ಮನೆ ಇದೆ. ಥ್ರೆಶೋಲ್ಡ್, ಅಂದರೆ ಕೌನ್ಸಿಲ್ ಕೈಹಾಕಬೇಕಾದ ಗಂಭೀರತೆಯ ಮಟ್ಟ, ಮುಟ್ಟಿಲ್ಲ ಎಂದು ಬರೆದು ಫೈಲು ಮುಚ್ಚುತ್ತಾರೆ. ಹದಿನೈದು ವರ್ಷ ಹಿಂದೆ ಆ ಬೀದಿಯಲ್ಲಿ ಒಂದು ಮಕ್ಕಳ ಕೇಂದ್ರವಿದ್ದಿದ್ದರೆ ಫೈಲು ಅಲ್ಲಿಗೆ ಹೋಗುತ್ತಿತ್ತು. ಈಗ ಹೋಗಲು ಜಾಗವಿಲ್ಲ. ಎಂಟು ತಿಂಗಳ ಮೇಲೆ ತಾಯಿ ಹಾಸಿಗೆಯಿಂದ ಏಳುವುದನ್ನೇ ಬಿಟ್ಟಿರುತ್ತಾಳೆ, ಮೂರು ವರ್ಷದ ಮಗು ರಸ್ತೆಯಲ್ಲಿ ಒಂಟಿಯಾಗಿ ಸಿಗುತ್ತದೆ. ಆಗ 47ನೇ ಸೆಕ್ಷನ್ ಅಡಿಯಲ್ಲಿ ಸೋಷಿಯಲ್ ವರ್ಕರ್ ಮತ್ತು ಪೊಲೀಸ್ ಒಟ್ಟಿಗೇ ಬರುತ್ತಾರೆ.

ಇಂಥ ತನಿಖೆಗಳ ಸಂಖ್ಯೆ 2009-10ರಲ್ಲಿ 90 ಸಾವಿರದ ಆಸುಪಾಸಿನಲ್ಲಿತ್ತು. 2023-24ರಲ್ಲಿ 2 ಲಕ್ಷ 24 ಸಾವಿರ ದಾಟಿದೆ. ಇವುಗಳಲ್ಲಿ ಮೂರರಲ್ಲಿ ಎರಡು ಪಾಲು, ಮಕ್ಕಳ ರಕ್ಷಣಾ ಸಭೆ ಕರೆಯುವ ಹಂತದವರೆಗೂ ಹೋಗುವುದಿಲ್ಲ. ಮನೆಗೆ ಹೋಗಿ, ನೆರೆಹೊರೆಯವರಿಗೆ ಗೊತ್ತಾಗಿ, ತಾಯಿ ನಡುಗಿ, ಕೊನೆಗೆ ಅಂಥದ್ದೇನೂ ಇಲ್ಲ ಎಂದು ಹೊರಡುತ್ತಾರೆ. ಆ ಮನೆಗೆ ಬೇಕಾಗಿದ್ದ ನೆರವು ಆಗಲೂ ಸಿಕ್ಕಿರುವುದಿಲ್ಲ, ಮುಂದೆ ತಾನಾಗಿ ಕೇಳುವ ಧೈರ್ಯವೂ ಉಳಿದಿರುವುದಿಲ್ಲ.

ಹಣ ಹೋದ ದಾರಿ

1999ರಲ್ಲಿ ಟೋನಿ ಬ್ಲೇರ್ ಸರ್ಕಾರ ಬಡ ಪ್ರದೇಶಗಳಲ್ಲಿ ಶ್ಯೂರ್ ಸ್ಟಾರ್ಟ್ ಎಂಬ ಕಾರ್ಯಕ್ರಮ ಶುರುಮಾಡಿತು. ಐದು ವರ್ಷದೊಳಗಿನ ಮಕ್ಕಳು ಮತ್ತು ಅವರ ಹೆತ್ತವರಿಗೆ ಒಂದೇ ಸೂರಿನಡಿ ಆಟ, ಆರೋಗ್ಯ, ಉದ್ಯೋಗದ ಸಲಹೆ, ಮಾತಾಡಲು ಜನ. ನಮ್ಮ ಅಂಗನವಾಡಿಯ ಜೊತೆ ತಾಯಂದಿರ ಮಾನಸಿಕ ಆರೋಗ್ಯವನ್ನೂ ಮನೆಭೇಟಿಯನ್ನೂ ಸೇರಿಸಿದರೆ ಸರಿಸುಮಾರು ಇದರ ಚಿತ್ರ ಸಿಗುತ್ತದೆ. 2010ರ ಹೊತ್ತಿಗೆ ಇಂಗ್ಲೆಂಡಿನಾದ್ಯಂತ ಸುಮಾರು 3,600 ಕೇಂದ್ರಗಳಿದ್ದವು, ಈಚಿನ ಬೆಲೆಗಳಲ್ಲಿ ವರ್ಷಕ್ಕೆ 250 ಕೋಟಿ ಪೌಂಡ್ ಖರ್ಚಾಗುತ್ತಿತ್ತು.

ಆ ವರ್ಷ ಸರ್ಕಾರ ಬದಲಾಯಿತು, ಮಿತವ್ಯಯದ ಕಾಲ ಬಂತು. 2011ರಲ್ಲಿ ಶ್ಯೂರ್ ಸ್ಟಾರ್ಟ್‌ನ ಹಣವನ್ನೂ ಇನ್ನೂ ಹಲವು ಯೋಜನೆಗಳ ಹಣವನ್ನೂ ಸೇರಿಸಿ 'ಅರ್ಲಿ ಇಂಟರ್ವೆನ್ಷನ್ ಗ್ರಾಂಟ್' ಎಂದು ಒಂದೇ ಅನುದಾನ ಮಾಡಿದರು. ಮೊತ್ತ ಸುಮಾರು 220 ಕೋಟಿ ಪೌಂಡ್, ಅಂದರೆ ಮೊದಲು ಬಿಡಿಬಿಡಿಯಾಗಿ ಬರುತ್ತಿದ್ದದ್ದಕ್ಕಿಂತ ಕಡಿಮೆ. ಜೊತೆಗೆ ಇದಕ್ಕಿದ್ದ ಬೇಲಿಯನ್ನೂ ಕಿತ್ತರು. ಮಕ್ಕಳ ಹೆಸರಿನಲ್ಲಿ ಬಂದ ಹಣವನ್ನು ಕೌನ್ಸಿಲ್ ತನಗೆ ಬೇಕಾದ್ದಕ್ಕೆ ಬಳಸಬಹುದಿತ್ತು. ಸ್ಥಳೀಯರಿಗೆ ಸ್ವಾತಂತ್ರ್ಯ ಎಂಬ ಹೆಸರಿನಲ್ಲಿ ಇದನ್ನು ಮಾಡಿದರು. 2013ರಲ್ಲಿ ಅದರ ಬಹುಪಾಲು ಕೌನ್ಸಿಲ್‌ಗಳ ಸಾಮಾನ್ಯ ಅನುದಾನದೊಳಗೆ ಕರಗಿಹೋಯಿತು. ಆಮೇಲೆ ಆ ಸಾಮಾನ್ಯ ಅನುದಾನವನ್ನೇ ವರ್ಷ ವರ್ಷ ಕತ್ತರಿಸಿದಾಗ ಮಕ್ಕಳ ಹಣ ಎಷ್ಟು ಹೋಯಿತೆಂದು ಬೆರಳಿಟ್ಟು ತೋರಿಸುವುದೂ ಕಷ್ಟವಾಯಿತು.

ಇಂಗ್ಲೆಂಡಿನ ಕೌನ್ಸಿಲ್‌ಗಳು ನಮ್ಮ ಸರ್ಕಾರಗಳಂತೆ ಕೊರತೆ ಬಜೆಟ್ ಮಂಡಿಸುವ ಹಾಗಿಲ್ಲ. ದಿನನಿತ್ಯದ ಖರ್ಚಿಗೆ ಸಾಲ ಮಾಡುವಂತಿಲ್ಲ. ಆಯವ್ಯಯ ಸರಿದೂಗದಿದ್ದರೆ ಮುಖ್ಯ ಹಣಕಾಸು ಅಧಿಕಾರಿ 1988ರ ಕಾಯ್ದೆಯ 114ನೇ ಸೆಕ್ಷನ್ ಪ್ರಕಾರ ನೋಟಿಸ್ ಹೊರಡಿಸಬೇಕು. ಅಲ್ಲಿಂದ ಮುಂದೆ ಕಾನೂನು ವಿಧಿಸಿದ ಸೇವೆಗಳನ್ನು ಬಿಟ್ಟು ಹೊಸ ಖರ್ಚೆಲ್ಲ ಬಂದ್. 2018ರಲ್ಲಿ ನಾರ್ಥಾಂಪ್ಟನ್‌ಶೈರ್, 2021ರಲ್ಲಿ ಭಾರತೀಯ ಮೂಲದವರು ಹೆಚ್ಚಿರುವ ಸ್ಲೌ, 2023ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್, ಅದೇ ನವೆಂಬರ್‌ನಲ್ಲಿ ನಾಟಿಂಗ್‌ಹ್ಯಾಮ್ ಈ ನೋಟಿಸ್ ಕೊಟ್ಟವು. ಬರ್ಮಿಂಗ್‌ಹ್ಯಾಮ್ ಆಮೇಲೆ ಮುಂದಿಟ್ಟ ಕಡಿತದ ಪಟ್ಟಿಯಲ್ಲಿ ಯುವಜನ ಸೇವೆಗಳೂ ಅರ್ಲಿ ಹೆಲ್ಪ್ ಕೂಡ ಇದ್ದವು. ಇರಲೇಬೇಕಿತ್ತು. ಕೋರ್ಟಿನ ಆದೇಶದ ಮೇಲೆ ಬಂದ ಮಗುವಿನ ಖರ್ಚನ್ನು ಕಡಿಯಲಾಗದು, ತನಿಖೆ ಮಾಡುವ ಸೋಷಿಯಲ್ ವರ್ಕರ್‌ರನ್ನು ಮನೆಗೆ ಕಳಿಸಲಾಗದು. ಉಳಿಯುವುದು ಇದೊಂದೇ.

ಒಂದು ವಿಷಯ ನನ್ನನ್ನು ನಿಜಕ್ಕೂ ಕಾಡುತ್ತದೆ. ವಯಸ್ಕರ ಆರೈಕೆಯ ಖರ್ಚು ಏರಿದಾಗ ಕೇಂದ್ರ ಸರ್ಕಾರ 2016ರಿಂದ ಅದಕ್ಕಾಗಿಯೇ ಕೌನ್ಸಿಲ್ ತೆರಿಗೆಯ ಮೇಲೆ ಹೆಚ್ಚುವರಿ ಶೇಕಡಾವಾರು ಹಾಕಿಕೊಳ್ಳಲು ಅನುಮತಿ ಕೊಟ್ಟಿತು. 2014ರ ಕೇರ್ ಕಾಯ್ದೆಯ ಎರಡನೇ ಸೆಕ್ಷನ್, ವಯಸ್ಕರಿಗೆ ಆರೈಕೆಯ ಅಗತ್ಯ ಹುಟ್ಟದಂತೆ ತಡೆಯುವ ಅಥವಾ ಮುಂದೂಡುವ ಸೇವೆಗಳನ್ನು ಒದಗಿಸುವುದು ಕೌನ್ಸಿಲ್‌ನ ಕರ್ತವ್ಯ ಎಂದು ನೇರವಾಗಿ ಬರೆದಿದೆ. ಎಂಬತ್ತು ವರ್ಷದ ಅಜ್ಜಿ ಬೀಳದಂತೆ ನೋಡಿಕೊಳ್ಳುವುದನ್ನು ಕರ್ತವ್ಯವಾಗಿಸಿದ ಸಂಸತ್ತು ಮೂರು ವರ್ಷದ ಮಗುವಿನ ಬಗ್ಗೆ ಅಷ್ಟೇ ಸ್ಪಷ್ಟವಾಗಿ ಬರೆಯಲಿಲ್ಲ. ಅಜ್ಜಿಗೆ ಮತವಿದೆ, ಮಗುವಿಗಿಲ್ಲ ಎಂಬುದಕ್ಕಿಂತ ಬೇರೆ ಕಾರಣ ನನಗೆ ತೋಚುವುದಿಲ್ಲ.

ಬರೆಯಿರಿ ಎಂದು ಹೇಳಿದವರಿದ್ದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಪ್ರೊಫೆಸರ್ ಐಲೀನ್ ಮನ್ರೋ, ಸರ್ಕಾರವೇ ಕೇಳಿಕೊಂಡು ನಡೆಸಿದ ಮಕ್ಕಳ ರಕ್ಷಣಾ ಪರಾಮರ್ಶೆಯ ಅಂತಿಮ ವರದಿಯಲ್ಲಿ, 2011ರ ಮೇ ತಿಂಗಳಲ್ಲಿ, ಸಾಕಷ್ಟು ಅರ್ಲಿ ಹೆಲ್ಪ್ ಒದಗಿಸುವ ಹೊಸ ಕರ್ತವ್ಯವನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಬೇಕು ಎಂದು ಶಿಫಾರಸು ಮಾಡಿದರು. ಇರುವ ಕಾನೂನೇ ಸಾಕು ಎಂದು ಸರ್ಕಾರ ಅದನ್ನು ಬದಿಗಿಟ್ಟಿತು. ಕಡಿತಗಳು ಇನ್ನೂ ಆಗಷ್ಟೇ ಶುರುವಾಗುತ್ತಿದ್ದವು. ಆಮೇಲಿನ ಹನ್ನೆರಡು ವರ್ಷಗಳಲ್ಲಿ ಬೇಗ ಕೊಡುವ ನೆರವಿನ ಖರ್ಚು ನಿಜಬೆಲೆಯಲ್ಲಿ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ಮಕ್ಕಳ ಸೇವೆಯ ಒಟ್ಟು ಹಣದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿದ್ದದ್ದು ಐದನೇ ಒಂದು ಪಾಲಿಗಿಂತ ಕೆಳಗೆ ಬಂತು. ಕೌನ್ಸಿಲ್ ಸುಪರ್ದಿಯಲ್ಲಿರುವ ಮಕ್ಕಳು 2010ರ ಮಾರ್ಚ್‌ನಲ್ಲಿ 64 ಸಾವಿರದಷ್ಟಿದ್ದರು, 2024ರ ಮಾರ್ಚ್‌ನಲ್ಲಿ 83,630.

ಕಡಿತವೊಂದೇ ಈ ಏರಿಕೆಗೆ ಕಾರಣ ಎಂದರೆ ತಪ್ಪಾಗುತ್ತದೆ. 2022ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು, 2015ರಿಂದ 2020ರ ನಡುವೆ ಮಕ್ಕಳ ಬಡತನ ಏರಿದ್ದರ ಜೊತೆಗೇ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹೆಚ್ಚುವರಿಯಾಗಿ ಕೌನ್ಸಿಲ್ ಸುಪರ್ದಿಗೆ ಬಂದರೆಂದು ಲೆಕ್ಕ ಹಾಕಿದೆ. ಮೂರನೆಯ ಮಗುವಿಗೂ ಅದರ ನಂತರದ ಮಕ್ಕಳಿಗೂ ಭತ್ಯೆ ಕೊಡದ 2017ರ ನಿಯಮವನ್ನು 2026ರ ಏಪ್ರಿಲ್‌ನಿಂದ ತೆಗೆದುಹಾಕುವ ಘೋಷಣೆ ಈ ದೃಷ್ಟಿಯಿಂದ ಅರ್ಲಿ ಹೆಲ್ಪ್‌ನಷ್ಟೇ ಮುಖ್ಯ. ತಾಯಿಯ ಬಳಿ ಬಾಡಿಗೆಗೆ ದುಡ್ಡಿಲ್ಲದಿದ್ದರೆ ಸಪೋರ್ಟ್ ವರ್ಕರ್ ಎಷ್ಟು ಒಳ್ಳೆಯವರಾದರೂ ಮಾತು ಮಾತಾಗಿಯೇ ಉಳಿಯುತ್ತದೆ.

ಕೊನೆಯಲ್ಲಿ ಆ ಹಣ ಯಾರ ಕೈ ಸೇರುತ್ತಿದೆ ಎಂಬುದನ್ನೂ ಹೇಳಬೇಕು. ಇಂಗ್ಲೆಂಡಿನ ಮಕ್ಕಳ ಗೃಹಗಳಲ್ಲಿ ಐದರಲ್ಲಿ ನಾಲ್ಕು ಖಾಸಗಿಯವರದ್ದು. ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2022ರ ಮಾರ್ಚ್‌ನಲ್ಲಿ ತನಿಖೆ ಮಾಡಿ, ದೊಡ್ಡ ಕಂಪನಿಗಳು ಮಕ್ಕಳ ಗೃಹಗಳಿಂದ ಸರಾಸರಿ ಶೇ 22.6ರಷ್ಟು ಕಾರ್ಯಾಚರಣೆಯ ಲಾಭ ಮಾಡುತ್ತಿವೆ ಎಂದಿತು. ವಾರಕ್ಕೆ 10 ಸಾವಿರ ಪೌಂಡ್ ಅಥವಾ ಅದಕ್ಕೂ ಹೆಚ್ಚು ತಗಲುವ ಮಕ್ಕಳು 2018-19ರಲ್ಲಿ 120 ಇದ್ದರು. 2022-23ರಲ್ಲಿ ಒಂದೂವರೆ ಸಾವಿರ ದಾಟಿದರು. ಶುಕ್ರವಾರ ಸಂಜೆ ಒಂದು ಮಗುವಿಗೆ ಆ ರಾತ್ರಿಯೇ ಹಾಸಿಗೆ ಹುಡುಕಬೇಕಾದ ಅಧಿಕಾರಿ ಚೌಕಾಸಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ.

ನೆರವು ಕೆಲಸ ಮಾಡುತ್ತದೆಯೇ?

ಇದು ಸುಲಭದ ಪ್ರಶ್ನೆಯಲ್ಲ. ಇಲ್ಲಿ ಸಾಕ್ಷ್ಯ ಎರಡೂ ಕಡೆಗಿದೆ.

ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಎಂಬ ಸಂಶೋಧನಾ ಸಂಸ್ಥೆ ಶ್ಯೂರ್ ಸ್ಟಾರ್ಟ್ ಹತ್ತಿರ ಬೆಳೆದ ಮಕ್ಕಳನ್ನು ಅವರು ಹದಿನಾರು ವರ್ಷದವರಾಗುವವರೆಗೆ ದಾಖಲೆಗಳಲ್ಲಿ ಹಿಂಬಾಲಿಸಿತು. 2024ರ ಏಪ್ರಿಲ್‌ನ ಅದರ ವರದಿ ಪ್ರಕಾರ, ಶಾಲೆಯಲ್ಲಿ ಉಚಿತ ಊಟ ಪಡೆಯುವಷ್ಟು ಬಡ ಮಕ್ಕಳು ಅಂಥ ಕೇಂದ್ರದ ಹತ್ತಿರ ಬೆಳೆದಿದ್ದರೆ ಹದಿನಾರನೇ ವಯಸ್ಸಿನ ಹೊತ್ತಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ ಒಟ್ಟು ಮೂರು ಗ್ರೇಡ್‌ನಷ್ಟು ಉತ್ತಮ ಫಲಿತಾಂಶ ಪಡೆದರು. ಹದಿಹರೆಯದ ಮಕ್ಕಳು ಆಸ್ಪತ್ರೆ ಸೇರುವುದು ಕಡಿಮೆಯಾಯಿತು ಎಂದು ಅದರ 2021ರ ಅಧ್ಯಯನ ತೋರಿಸಿತ್ತು. 2025ರಲ್ಲಿ ಎಲ್ಲವನ್ನೂ ಕೂಡಿಸಿ, ಹಾಕಿದ ಪ್ರತಿ ಪೌಂಡಿಗೆ ದೀರ್ಘಾವಧಿಯಲ್ಲಿ 2.05 ಪೌಂಡಿನ ಪ್ರಯೋಜನವಾಗಿದೆ ಎಂದಿತು. ಆದರೆ ಈ ಗುಣವೆಲ್ಲ ಮೊದಲ ಕೆಲವು ವರ್ಷಗಳಲ್ಲಿ ಶುರುವಾದ ಕೇಂದ್ರಗಳದ್ದು. ಅವಕ್ಕೆ ಕೈತುಂಬ ಹಣವಿತ್ತು, ನಡೆಸುವ ಸಮಿತಿಯಲ್ಲಿ ಆ ಬೀದಿಯ ತಾಯಂದಿರೇ ಇದ್ದರು, ಸಿಬ್ಬಂದಿ ಮನೆ ಮನೆಗೆ ಹೋಗಿ ಕರೆತರುತ್ತಿದ್ದರು. ಆಮೇಲೆ ಕೌನ್ಸಿಲ್‌ಗಳ ಕೈಗೆ ಕೊಟ್ಟು ದೇಶದ ತುಂಬ ಹರಡಿದಾಗ ಪ್ರತಿ ಕೇಂದ್ರದ ಹಣ ತೆಳುವಾಯಿತು, ಫಲವೂ ಕಾಣಿಸದಾಯಿತು.

ಹಲವು ತೊಂದರೆಗಳಲ್ಲಿ ಸಿಕ್ಕ ಕುಟುಂಬಗಳಿಗಾಗಿ ಡೇವಿಡ್ ಕ್ಯಾಮರಾನ್ ಕಾಲದಲ್ಲಿ ಬಂದ 'ಟ್ರಬಲ್ಡ್ ಫ್ಯಾಮಿಲೀಸ್' ಕಾರ್ಯಕ್ರಮದ ಕಥೆ ತಿರುಗುಮುರುಗು. 2012ರಲ್ಲಿ 44.8 ಕೋಟಿ ಪೌಂಡ್ ಇಟ್ಟು, ಕುಟುಂಬ 'ಸರಿಹೋಯಿತು' ಎಂದು ಕೌನ್ಸಿಲ್ ತೋರಿಸಿದರೆ ಹಣ ಎಂಬ ಷರತ್ತಿನಲ್ಲಿ ನಡೆಸಿದರು. ಹೆಚ್ಚುಕಡಿಮೆ ಎಲ್ಲ ಕುಟುಂಬಗಳೂ ಸರಿಹೋದಂತೆ ವರದಿಗಳು ಬಂದವು. 2016ರ ಸ್ವತಂತ್ರ ಮೌಲ್ಯಮಾಪನದಲ್ಲಿ ಎದ್ದು ಕಾಣುವ ಪರಿಣಾಮವೇ ಸಿಗಲಿಲ್ಲ. ಎರಡನೇ ಹಂತದಲ್ಲಿ ಒಬ್ಬ ಕಾರ್ಯಕರ್ತ ಇಡೀ ಕುಟುಂಬದ ಜೊತೆ ದೀರ್ಘ ಕಾಲ ನಿಲ್ಲುವ ಪದ್ಧತಿ ಬೇರೂರಿತು. 2019ರ ಮೌಲ್ಯಮಾಪನದಲ್ಲಿ ಆ ಕುಟುಂಬಗಳ ಮಕ್ಕಳು ಸುಪರ್ದಿಗೆ ಹೋಗುವ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು.

ಇವೆರಡನ್ನೂ ಒಟ್ಟಿಗೆ ಓದಿದರೆ ತಿಳಿಯುವುದಿಷ್ಟು: ಅಗ್ಗದಲ್ಲಿ, ಗಡಿಬಿಡಿಯಲ್ಲಿ, ಅಂಕಿ ತೋರಿಸಲು ಮಾಡುವ ಬೇಗದ ನೆರವಿನಿಂದ ಏನೂ ಆಗುವುದಿಲ್ಲ. ಅದೇ ಮುಖ ಮತ್ತೆ ಮತ್ತೆ ಮನೆಗೆ ಬರಬೇಕು. ಅದಕ್ಕೆ ಐದಾರು ವರ್ಷ ನಿಲ್ಲುವ ಹಣ ಬೇಕು. ಕಳೆದ ದಶಕದಲ್ಲಿ ಬಂದದ್ದು ಒಂದೊಂದು ವರ್ಷದ, ಅರ್ಜಿ ಹಾಕಿ ಗೆಲ್ಲಬೇಕಾದ ಸಣ್ಣ ಸಣ್ಣ ಗಂಟುಗಳು. ಕುಟುಂಬ ಕೇಂದ್ರಗಳನ್ನು ತೆರೆಯುವ 2022ರ ಫ್ಯಾಮಿಲಿ ಹಬ್ ಯೋಜನೆಯೇ 75 ಕೌನ್ಸಿಲ್‌ಗಳಿಗೆ ಮಾತ್ರ ಸಿಕ್ಕಿತು. ಮಾರ್ಚ್ ಬಂತೆಂದರೆ ಗುತ್ತಿಗೆ ಮುಗಿಯುವ ಸಿಬ್ಬಂದಿ ಜನವರಿಯಲ್ಲೇ ಬೇರೆ ಕೆಲಸ ಹುಡುಕುತ್ತಾರೆ, ಅವರನ್ನು ನಂಬಿ ಬಾಯಿಬಿಟ್ಟ ತಾಯಿ ಮತ್ತೆ ಹೊಸಬರಿಗೆ ಮೊದಲಿನಿಂದ ಹೇಳಬೇಕು.

ನಂಬಿಕೆಯ ಮಾತು ಬಂದದ್ದರಿಂದ ಅಲ್ಲಿನ ಕನ್ನಡಿಗರ ಕುರಿತು ಒಂದೆರಡು ಮಾತು. ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆ ಐಟಿ, ಆಸ್ಪತ್ರೆ ಕೆಲಸಗಳಲ್ಲಿರುವ ನಮ್ಮವರ ಮನೆಗಳಲ್ಲಿ ಬಾಣಂತನಕ್ಕೆ ಊರಿಂದ ಅಮ್ಮ ಬರುತ್ತಾರೆ, ಆರು ತಿಂಗಳ ವಿಸಿಟರ್ ವೀಸಾ ಮುಗಿದು ಹೊರಟುಬಿಡುತ್ತಾರೆ. ಆಮೇಲೆ ಆ ತಾಯಿ ಮಗುವಿನ ಜೊತೆ ಹಗಲೆಲ್ಲ ಒಬ್ಬಳೇ. ಹೆಲ್ತ್ ವಿಸಿಟರ್, ಅಂದರೆ ತಾಯಿ-ಮಗುವನ್ನು ನೋಡಲು ಬರುವ ನರ್ಸ್‌ಗಳ, ಐದು ಭೇಟಿಗಳನ್ನು ಕೌನ್ಸಿಲ್‌ಗಳು ಕಡ್ಡಾಯವಾಗಿ ಒದಗಿಸಬೇಕಾದ್ದರಿಂದ ಅವರು ಮನೆಗೆ ಬರುತ್ತಾರೆ, ಮನಸ್ಸು ಹೇಗಿದೆ ಎಂದು ಕೇಳುತ್ತಾರೆ. ಚೆನ್ನಾಗಿಲ್ಲ ಎಂದರೆ ಸೋಷಿಯಲ್ ಸರ್ವಿಸ್‌ನವರಿಗೆ ಹೇಳಿ ಮಗುವನ್ನೇ ಕಿತ್ತುಕೊಂಡಾರು ಎಂಬ ಭಯದಲ್ಲಿ ಎಷ್ಟೋ ಮಂದಿ ಎಲ್ಲ ಸರಿಯಿದೆ ಅನ್ನುತ್ತಾರೆ. ಅರ್ಲಿ ಹೆಲ್ಪ್ ಒಪ್ಪಿಗೆಯ ಮೇಲೆ ನಡೆಯುವ ನೆರವು. ಬೇಡ ಎನ್ನುವ ಹಕ್ಕು ಪಾಲಕರಿಗಿದೆ. ಕೆಲಸದ ವೀಸಾದ ಮೇಲಿರುವವರಿಗೆ ಸರ್ಕಾರಿ ಭತ್ಯೆಗಳು ಸಿಗುವುದಿಲ್ಲ ಎಂಬ ಷರತ್ತು ಇರುತ್ತದೆ, ನಿಜ. ಆದರೆ 17ನೇ ಸೆಕ್ಷನ್‌ನ ನೆರವು ಆ ನಿಷೇಧಿತ ಪಟ್ಟಿಯಲ್ಲಿಲ್ಲ. ಗಂಡನ ಹಿಂಸೆಯಿಂದ ಮಕ್ಕಳ ಜೊತೆ ಬೀದಿಗೆ ಬಿದ್ದ ಹೆಣ್ಣುಮಗಳು ಕೌನ್ಸಿಲ್‌ನ ಬಾಗಿಲು ತಟ್ಟಬಹುದು. ಇದನ್ನು ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಬೇಕು.

ಈಗಿನ ಬದಲಾವಣೆ, ಅದರೊಳಗಿನ ಕೊರತೆ

2022ರ ಮೇ ತಿಂಗಳಲ್ಲಿ ಜಾಶ್ ಮ್ಯಾಕಲಿಸ್ಟರ್ ಕೊಟ್ಟ ಸ್ವತಂತ್ರ ಪರಾಮರ್ಶೆಯ ವರದಿ, ಹೀಗೇ ಬಿಟ್ಟರೆ ಹತ್ತು ವರ್ಷದಲ್ಲಿ ಸುಪರ್ದಿಯ ಮಕ್ಕಳು ಒಂದು ಲಕ್ಷದ ಹತ್ತಿರಕ್ಕೂ, ವರ್ಷದ ಖರ್ಚು 1,000 ಕೋಟಿಯಿಂದ 1,500 ಕೋಟಿ ಪೌಂಡಿಗೂ ಹೋಗುತ್ತದೆ ಎಂದು ಎಚ್ಚರಿಸಿತು. ಅರ್ಲಿ ಹೆಲ್ಪ್ ಮತ್ತು 17ನೇ ಸೆಕ್ಷನ್‌ನ ಕೆಲಸ ಎರಡನ್ನೂ ಬೆಸೆದು 'ಫ್ಯಾಮಿಲಿ ಹೆಲ್ಪ್' ಎಂಬ ಒಂದೇ ತಂಡ ಮಾಡಿ, ಇಡೀ ಸುಧಾರಣೆಗೆ ನಾಲ್ಕು ವರ್ಷದಲ್ಲಿ 260 ಕೋಟಿ ಪೌಂಡ್ ಹಾಕಿ ಎಂದಿತು. ಆಗಿನ ಕನ್ಸರ್ವೇಟಿವ್ ಸರ್ಕಾರ 2023ರಲ್ಲಿ ಎರಡು ವರ್ಷಕ್ಕೆ ಕೊಟ್ಟದ್ದು 20 ಕೋಟಿ. ಡಾರ್ಸೆಟ್, ಲಿಂಕನ್‌ಶೈರ್, ವುಲ್ವರ್‌ಹ್ಯಾಂಪ್ಟನ್‌ಗಳಲ್ಲಿ ಪ್ರಯೋಗ ಶುರುವಾಯಿತು.

ಲೇಬರ್ ಸರ್ಕಾರ ಬಂದ ಮೇಲೆ ವೇಗ ಹೆಚ್ಚಿದೆ. 2025-26ರಲ್ಲಿ ಈ ಹೊಸ ಪದ್ಧತಿಯನ್ನು ಇಡೀ ಇಂಗ್ಲೆಂಡಿಗೆ ವಿಸ್ತರಿಸಲು 50 ಕೋಟಿ ಪೌಂಡಿಗೂ ಹೆಚ್ಚು ಕೊಟ್ಟಿತು. 2028ರೊಳಗೆ ಒಂದು ಸಾವಿರ 'ಬೆಸ್ಟ್ ಸ್ಟಾರ್ಟ್' ಕುಟುಂಬ ಕೇಂದ್ರಗಳು, ಎಲ್ಲ ಕೌನ್ಸಿಲ್‌ಗಳಲ್ಲೂ, ಎಂದು 2025ರ ಜುಲೈಯಲ್ಲಿ ಘೋಷಿಸಿತು. ವರದಿ ಬರೆದ ಮ್ಯಾಕಲಿಸ್ಟರ್ ಈಗ ಸಂಸದ. 2025ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣ ಇಲಾಖೆಯಲ್ಲಿ ಮಕ್ಕಳು ಮತ್ತು ಕುಟುಂಬಗಳ ಸಚಿವರಾದರು. ಕೌನ್ಸಿಲ್‌ಗಳಿಗೆ 2026-27ರಿಂದ ಮೂರು ವರ್ಷದ ಅನುದಾನವನ್ನು ಒಟ್ಟಿಗೇ ತಿಳಿಸುವ ಕ್ರಮ ಬರುತ್ತಿದೆ, ಬಡ ಪ್ರದೇಶಗಳಿಗೆ ಹೆಚ್ಚು ತೂಕ ಕೊಡುವ ಹೊಸ ಸೂತ್ರವೂ ಜೊತೆಗಿದೆ. ಇವೆಲ್ಲ ಮನಸಾರೆ ಸ್ವಾಗತಿಸಬೇಕಾದ ಹೆಜ್ಜೆಗಳು.

2024ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ತಂದ ಮಕ್ಕಳ ಕ್ಷೇಮ ಮತ್ತು ಶಾಲೆಗಳ ಮಸೂದೆಯಲ್ಲಿ, ಮಗುವನ್ನು ಸುಪರ್ದಿಗೆ ಕೇಳಿ ಕೋರ್ಟಿಗೆ ಹೋಗುವ ಮೊದಲು ಅಜ್ಜ, ಅಜ್ಜಿ, ಚಿಕ್ಕಮ್ಮ, ಮಾವಂದಿರನ್ನು ಕೂಡಿಸಿ ಕುಟುಂಬವೇ ಒಂದು ಯೋಜನೆ ಹಾಕಿಕೊಳ್ಳುವ ಸಭೆಯ ಅವಕಾಶ ಕೊಡಬೇಕೆಂಬ ಕರ್ತವ್ಯವಿದೆ. ಇಂಥ ಸಭೆಗೆ ಕಳಿಸಿದ ಮಕ್ಕಳಲ್ಲಿ ವರ್ಷದ ನಂತರ ಶೇ 36ರಷ್ಟು ಮಂದಿ, ಕಳಿಸದವರಲ್ಲಿ ಶೇ 45ರಷ್ಟು ಮಂದಿ ಸುಪರ್ದಿಗೆ ಹೋಗಿದ್ದರು ಎಂದು 2023ರ ಪ್ರಯೋಗವೊಂದು ತೋರಿಸಿದೆ. ಒಳ್ಳೆಯದೇ. ಆದರೂ ಇದು ಕೋರ್ಟಿನ ಮೆಟ್ಟಿಲ ಹತ್ತಿರದ ಕರ್ತವ್ಯ. ಮನ್ರೋ 2011ರಲ್ಲಿ ಕೇಳಿದ ಕರ್ತವ್ಯವನ್ನು, ಅಂದರೆ ಕಷ್ಟದ ಮೊದಲ ದಿನಗಳಲ್ಲೇ ಸಾಕಷ್ಟು ನೆರವು ಇರಬೇಕೆಂಬುದನ್ನು, ಈ ಮಸೂದೆ ಮಂಡನೆಯಾದಾಗ ಅದರಲ್ಲಿ ಸೇರಿಸಿರಲಿಲ್ಲ. ಅರ್ಲಿ ಹೆಲ್ಪ್ ಮತ್ತು 17ನೇ ಸೆಕ್ಷನ್ ತಂಡಗಳನ್ನು ಬೆಸೆಯುವುದರಲ್ಲೂ ಒಂದು ಅಪಾಯವಿದೆ. ಒಪ್ಪಿಗೆಯ ನೆರವು ಕೊಡುವವರು ಮತ್ತು ಮನೆಯನ್ನು ಅಳೆಯಲು ಬರುವವರು ಒಂದೇ ತಂಡದವರಾದರೆ, ಸ್ಲೌನ ಆ ಬಾಣಂತಿಗೆ ಇಬ್ಬರೂ ಒಂದೇ ರೀತಿ ಕಾಣುತ್ತಾರೆ.

ಪಕ್ಕದ ವೇಲ್ಸ್‌ನಲ್ಲಿ ಇಂಥ ಕರ್ತವ್ಯವಿದೆ. 2014ರ ಅಲ್ಲಿನ ಕಾಯ್ದೆಯ 15ನೇ ಸೆಕ್ಷನ್, ಮಕ್ಕಳಿಗೂ ವಯಸ್ಕರಿಗೂ ಮುಂಜಾಗ್ರತಾ ಸೇವೆಗಳನ್ನು ಸ್ಥಳೀಯ ಸಂಸ್ಥೆಗಳು ಒದಗಿಸಲೇಬೇಕು ಎನ್ನುತ್ತದೆ. ಆದರೂ ಜನಸಂಖ್ಯೆಯ ಲೆಕ್ಕದಲ್ಲಿ ವೇಲ್ಸ್‌ನಲ್ಲಿ ಸುಪರ್ದಿಯ ಮಕ್ಕಳು ಇಂಗ್ಲೆಂಡಿಗಿಂತ ಹೆಚ್ಚೇ ಇದ್ದಾರೆ. ಕಾನೂನು ಬರೆದ ಮಾತ್ರಕ್ಕೆ ಮಕ್ಕಳು ಮನೆಯಲ್ಲಿ ಉಳಿಯುವುದಿಲ್ಲ ಎಂಬ ಆಕ್ಷೇಪಕ್ಕೆ ಇದು ಬಲವಾದ ಆಧಾರ, ನಾನದನ್ನು ಒಪ್ಪುತ್ತೇನೆ. ಬಡತನ, ಕೋರ್ಟುಗಳ ರೂಢಿ, ಸೋಷಿಯಲ್ ವರ್ಕರ್‌ಗಳ ಭಯ ಎಲ್ಲವೂ ಅಲ್ಲಿ ಕೆಲಸ ಮಾಡುತ್ತಿವೆ. ಕರ್ತವ್ಯ ಬೇಕೆಂದು ನಾನು ಹೇಳುವ ಕಾರಣ ಬೇರೆ: ಹಣ ಬಿಗಿಯಾದ ವರ್ಷ ಕೌನ್ಸಿಲ್‌ನ ಸಭೆಯಲ್ಲಿ ಕಡಿತದ ಪಟ್ಟಿ ಮೇಜಿನ ಮೇಲೆ ಬಂದಾಗ, ಇದನ್ನು ಮುಟ್ಟುವಂತಿಲ್ಲ ಎಂದು ಹಣಕಾಸು ಅಧಿಕಾರಿಗೆ ಹೇಳಲು ಮಕ್ಕಳ ಸೇವೆಯ ಡೈರೆಕ್ಟರ್‌ನ ಕೈಯಲ್ಲಿ ಏನಾದರೂ ಇರಬೇಕು. ಬಾರ್ನೆಟ್ ತೀರ್ಪಿನ ಅನುಭವವಿರುವುದರಿಂದ ಆ ಸೆಕ್ಷನ್ ಮತ್ತೊಂದು ಸಾಮಾನ್ಯ ಗುರಿಯಾಗಿ ಮುಗಿಯಬಾರದು. ತನ್ನ ಪ್ರದೇಶದಲ್ಲಿ ಎಷ್ಟು ಕುಟುಂಬಗಳಿಗೆ ನೆರವು ಬೇಕು, ಎಷ್ಟಕ್ಕೆ ಸಿಕ್ಕಿತು ಎಂದು ಕೌನ್ಸಿಲ್ ವರ್ಷಕ್ಕೊಮ್ಮೆ ಬಹಿರಂಗವಾಗಿ ಲೆಕ್ಕ ಒಪ್ಪಿಸಬೇಕು, ಸಾಲದಿದ್ದರೆ ಕಾರಣ ಬರೆಯಬೇಕು. ಮಕ್ಕಳ ಸೇವೆಯ ಖರ್ಚನ್ನು ಬಾಬುವಾರು ವಿಂಗಡಿಸಿ ಕೇಂದ್ರಕ್ಕೆ ಕಳಿಸುವ ಪದ್ಧತಿ 2009ರ ಕಾಯ್ದೆಯ 251ನೇ ಸೆಕ್ಷನ್ ಅಡಿಯಲ್ಲಿ ಈಗಾಗಲೇ ಇದೆ. ಹೊಸ ಗುಮಾಸ್ತಿಕೆಯೇನೂ ಬೇಕಿಲ್ಲ.

ಮೂರು ವರ್ಷದ ಅನುದಾನ 2029ರ ಮಾರ್ಚ್‌ಗೆ ಮುಗಿಯುತ್ತದೆ. ಅದೇ ವರ್ಷ ಆಗಸ್ಟ್‌ನೊಳಗೆ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಲೇಬೇಕು. ಆ ಸೆಕ್ಷನ್ ಬರೆಯುವುದಾದರೆ ಅದಕ್ಕೆ ಮೊದಲೇ, ಈಗಿನ ಸಂಸತ್ತಿನಲ್ಲೇ ಬರೆಯಬೇಕು.